ಬೀಜದಿಂದ ಬಹುವಾರ್ಷಿಕ ಹೂಗಿಡ: ಮೇ ದಾಟಿಸುವ ಲೆಕ್ಕ

ಆನ್‌ಲೈನಿನಲ್ಲಿ ತರಿಸಿದ ಹೂಬೀಜದ ಪೊಟ್ಟಣ ತಿರುಗಿಸಿ ನೋಡಿದರೆ ಹೆಚ್ಚಾಗಿ ಒಂದೇ ಮಾತು: ಮಾರ್ಚ್‌ನಿಂದ ಮೇ ತನಕ ಬಿತ್ತಿ. ಕಲಬುರಗಿಯಲ್ಲಿ ಅದನ್ನು ನಂಬಿ ಬಿತ್ತಿದರೆ ಬೀಜ ಮೊಳೆಯುತ್ತದೆ, ಎರಡು ನಾಲ್ಕು ಎಲೆಯೂ ಬರುತ್ತದೆ, ಯುಗಾದಿ ಕಳೆದ ಮೇಲೆ ಒಂದು ಮಧ್ಯಾಹ್ನ ಸಸಿ ಸುಟ್ಟು ಮಲಗುತ್ತದೆ. ಬೀಜದಲ್ಲಿ ದೋಷವಿಲ್ಲ, ಬಿತ್ತಿದವರ ಕೈಗುಣದಲ್ಲೂ ಇಲ್ಲ. ಆ ಸಾಲನ್ನು ಬರೆದದ್ದು ಹಿಮ ಕರಗಿದ ಮೇಲೆ ತೋಟಕ್ಕೆ ಇಳಿಯುವ ದೇಶದವರಿಗೆ.

ಅಲ್ಲಿ ಬಹುವಾರ್ಷಿಕ ಗಿಡಕ್ಕೆ ಚಳಿಗಾಲವೇ ಪರೀಕ್ಷೆ. ಇಲ್ಲಿ ಬೇಸಿಗೆ. ಕಲಬುರಗಿ, ಯಾದಗಿರಿಯಲ್ಲಿ ಮೇ ತಿಂಗಳ ಹಗಲು 42, 43 ಡಿಗ್ರಿ ಮುಟ್ಟುವುದು ಯಾರಿಗೂ ಸುದ್ದಿಯಲ್ಲ. ಎತ್ತರದ ಬೀದರ್‌ನಲ್ಲಿ ಒಂದೆರಡು ಡಿಗ್ರಿ ಕಡಿಮೆ ಇದ್ದೀತು, ಗಾಳಿ ಮಾತ್ರ ಅಷ್ಟೇ ಒಣ. ಆದ್ದರಿಂದ ಲೆಕ್ಕವನ್ನು ಹಿಂದಿನಿಂದ ಹಾಕಬೇಕು: ಮೇ 1ಕ್ಕೆ ಗಿಡಕ್ಕೆ ಕನಿಷ್ಠ ಆರು ತಿಂಗಳ ವಯಸ್ಸು ಆಗಿರಬೇಕು. ಅಷ್ಟಾದರೆ ಬೇರು ಮೇಲಿನ ಕಾದ ಪದರ ದಾಟಿ ಕೆಳಗಿನ ತಂಪಿಗೆ ಇಳಿದಿರುತ್ತದೆ. ಒಂದು ಮೇ ದಾಟಿದ ಗಿಡ ಮುಂದೆ ಮೂರು ನಾಲ್ಕು ವರ್ಷ ನಡೆಯುತ್ತದೆ. ಮೊದಲ ಮೇ ತಿಂಗಳೇ ಗಂಡಾಂತರ.

ಯಾವುದನ್ನು ಬೀಜದಿಂದ ಬೆಳೆಸಬಹುದು

ಈ ಮೂರು ಜಿಲ್ಲೆಗಳಿಗೆ ಬೀಜದಿಂದ ನಂಬಿಕೆಯಿಟ್ಟು ಬೆಳೆಸಬಹುದಾದವು ಇವು: ನಿತ್ಯಪುಷ್ಪ, ಶಂಖಪುಷ್ಪ, ಸಂಜೆಮಲ್ಲಿಗೆ, ಕನಕಾಂಬರ, ಅಡೆನಿಯಂ. ಗೈಲಾರ್ಡಿಯಾವನ್ನೂ ಸೇರಿಸಬಹುದು, ಒಂದು ಎಚ್ಚರಿಕೆಯೊಂದಿಗೆ: ಅಂಗಡಿಯಲ್ಲಿ ಸಿಗುವುದರಲ್ಲಿ ಬಹುಪಾಲು ಪುಲ್ಚೆಲ್ಲಾ ಜಾತಿಯದು, ಒಂದೇ ವರ್ಷದ ಗಿಡ. ಬಹುವಾರ್ಷಿಕ ಬೇಕಿದ್ದರೆ ಪೊಟ್ಟಣದ ಮೇಲೆ ಗ್ರಾಂಡಿಫ್ಲೋರಾ ಎಂದಿರಬೇಕು. ಅದೂ ನಮ್ಮ ಬಿಸಿಲಿಗೆ ಎರಡು ವರ್ಷ ಬಾಳಿದರೆ ದೊಡ್ಡದು.

ಲ್ಯೂಪಿನ್, ಡೆಲ್ಫಿನಿಯಂ, ಇಂಗ್ಲಿಷ್ ಲ್ಯಾವೆಂಡರ್ ಬೀಜಗಳ ಚಿತ್ರ ನೋಡಿ ಮರುಳಾಗಬೇಡಿ. ಅವು ತಂಪು ನಾಡಿನ ಗಿಡಗಳು. ಫ್ರಿಜ್‌ನಲ್ಲಿಟ್ಟು ಮೊಳೆಸಬಹುದು, ಡೆಲ್ಫಿನಿಯಂ ಚಳಿಗಾಲದ ಒಂದು ಫಸಲು ಹೂ ಕೊಟ್ಟೂ ಕೊಡಬಹುದು, ಏಪ್ರಿಲ್‌ಗೆ ಮುಗಿಯಿತು. ಆ ದುಡ್ಡಿಗೆ ಒಳ್ಳೆಯ ನಿತ್ಯಪುಷ್ಪದ ಬೀಜ ಬರುತ್ತದೆ.

ಸೇವಂತಿಗೆಯನ್ನು ಬೀಜದಿಂದ ಮಾಡಲು ಹೋಗಬೇಡಿ. ಬೀಜದ ಗಿಡ ತಾಯಿಯಂತೆ ಹೂ ಬಿಡುವುದಿಲ್ಲ. ಹಳೆಯ ಗಿಡದ ಬುಡದಲ್ಲಿ ಏಳುವ ಕಂದುಗಳನ್ನು ಬೇರುಸಹಿತ ಬಿಡಿಸಿ ನೆಡುವುದೇ ಸರಿ.

ಬಿತ್ತುವ ಹೊತ್ತು

ಇಲ್ಲಿ ಎರಡು ಹದಗಳಿವೆ. ಮೊದಲನೆಯದು ಮೃಗಶಿರಾ, ಆರ್ದ್ರಾ ಮಳೆಗಳ ಕಾಲ, ಅಂದರೆ ಜೂನ್ ಎರಡನೇ ವಾರದಿಂದ ಜುಲೈ ಮೊದಲ ವಾರದವರೆಗೆ. ಕನಕಾಂಬರ, ಶಂಖಪುಷ್ಪ, ಸಂಜೆಮಲ್ಲಿಗೆ ಈ ಹದಕ್ಕೆ. ಕನಕಾಂಬರ ಮೊದಲೆರಡು ತಿಂಗಳು ಬಹಳ ನಿಧಾನ, ಅದಕ್ಕೆ ಮುಂದಿನ ಮೇ ತನಕ ಪೂರ್ತಿ ಹತ್ತು ತಿಂಗಳು ಕೊಡಬೇಕು.

ಎರಡನೆಯದು ಹಸ್ತ, ಚಿತ್ತಾ ಮಳೆಗಳ ಕಾಲ, ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಮೂರನೇ ವಾರದವರೆಗೆ. ಗೈಲಾರ್ಡಿಯಾ ಮತ್ತು ನೆಲದಲ್ಲಿ ನೆಡುವ ನಿತ್ಯಪುಷ್ಪ ಇದಕ್ಕೆ. ನಿತ್ಯಪುಷ್ಪವನ್ನು ಜೂನ್‌ನಲ್ಲಿ ಬಿತ್ತಿದರೂ ಚೆನ್ನಾಗಿ ಮೊಳೆಯುತ್ತದೆ. ಆದರೆ ನಮ್ಮಲ್ಲಿ ಮಳೆಯ ಜೋರು ಆಗಸ್ಟ್, ಸೆಪ್ಟೆಂಬರ್‌ನಲ್ಲಿ. ಎರೆ ಮಣ್ಣಿನಲ್ಲಿ ನೀರು ನಿಂತು ಎಳೆ ಗಿಡದ ಬುಡ ಕಪ್ಪಾಗಿ ಕೊಳೆಯುತ್ತದೆ. ಕುಂಡದಲ್ಲಿ, ಮಳೆ ನೇರ ಬೀಳದ ಕಡೆ ಇಡುವುದಾದರೆ ಜೂನ್ ಅಡ್ಡಿಯಿಲ್ಲ.

ಅಡೆನಿಯಂ ಮಾತ್ರ ಈ ಲೆಕ್ಕಕ್ಕೆ ಸಿಗುವುದಿಲ್ಲ. ಅದು ಅರೇಬಿಯಾ, ಪೂರ್ವ ಆಫ್ರಿಕಾದ ಒಣ ನೆಲದ ಗಿಡ. ಮೊಳೆಯಲು 28ರಿಂದ 32 ಡಿಗ್ರಿ ಬೇಕು. ಫೆಬ್ರವರಿ ಕೊನೆಯಲ್ಲಿ ಶೇಡ್‌ನೆಟ್ ಕೆಳಗೆ ಬಿತ್ತಿದರೆ ಬೇಸಿಗೆಯಲ್ಲೇ ಬುಡ ದಪ್ಪವಾಗುತ್ತ ಹೋಗುತ್ತದೆ.

ನವೆಂಬರ್ ಬಂದ ಮೇಲೆ ಬಿತ್ತಬೇಡಿ. ಬೀದರ್, ಬಸವಕಲ್ಯಾಣ ಕಡೆ ರಾತ್ರಿ ಚಳಿ ಬಲವಾಗುತ್ತದೆ. ಬೀಜ ಮಣ್ಣಲ್ಲಿ ಸುಮ್ಮನೆ ಮಲಗಿ ಕೊಳೆಯುತ್ತದೆ, ಮೊಳೆತದ್ದೂ ಎಳ್ಳ ಅಮಾವಾಸ್ಯೆ ಕಳೆಯುವವರೆಗೆ ಬೆಳೆಯುವುದಿಲ್ಲ. ಅಲ್ಲಿಂದ ಮೇಗೆ ಉಳಿಯುವುದು ನಾಲ್ಕೇ ತಿಂಗಳು.

ಸಸಿ ಮಣ್ಣು

ಹೊಲದ ಎರೆ ಮಣ್ಣನ್ನು ಸಸಿ ತಟ್ಟೆಗೆ ಹಾಕಲೇಬೇಡಿ. ಹಸಿ ಇದ್ದಾಗ ಉಬ್ಬಿ ಗಾಳಿ ಬಿಡುವುದಿಲ್ಲ, ಒಣಗಿದಾಗ ಬಿರಿದು ಎಳೆ ಬೇರನ್ನು ಹರಿಯುತ್ತದೆ. ಮೂರು ಪಾಲು ಬೇಕು: ಒಂದು ಪಾಲು ಕೆಂಪು ಮಸಾರಿ ಮಣ್ಣು, ಒಂದು ಪಾಲು ದಪ್ಪ ಮರಳು, ಒಂದು ಪಾಲು ಪೂರ್ತಿ ಕಳಿತ ತಿಪ್ಪೆ ಗೊಬ್ಬರ ಅಥವಾ ಎರೆಹುಳು ಗೊಬ್ಬರ. ಮೂರನ್ನೂ ಗೋಧಿ ಸಾಣಿಗೆಯಷ್ಟು ಕಣ್ಣಿನ ಜರಡಿಯಲ್ಲಿ ಜಾಡಿಸಿ. ಗೊಬ್ಬರ ಕಳಿತಿದೆಯೇ ಎಂದು ತಿಳಿಯಲು ಮೂಸಿ ನೋಡಿ. ಸಗಣಿ ವಾಸನೆ ಬಂದರೆ ಇನ್ನೂ ಹಸಿ, ಮಳೆ ಬಿದ್ದ ಮಣ್ಣಿನ ವಾಸನೆ ಬಂದರೆ ಆಯಿತು.

ಮಸಾರಿ ಸಿಗದಿದ್ದರೆ ಕೋಕೋಪೀಟ್ ಎರಡು ಪಾಲು, ಎರೆಹುಳು ಗೊಬ್ಬರ ಒಂದು, ಮರಳು ಒಂದು. ಕೋಕೋಪೀಟ್ ಇಟ್ಟಿಗೆ ನೆನೆಸಿದ ಮೊದಲ ನೀರು ಚಹಾ ಬಣ್ಣಕ್ಕೆ ಬರುತ್ತದೆ, ಅದರಲ್ಲಿ ಉಪ್ಪು ಇರುತ್ತದೆ. ಹಿಂಡಿ ಚೆಲ್ಲಿ, ಮತ್ತೆ ನೆನೆಸಿ, ಹೀಗೆ ಮೂರು ಸಲ ಮಾಡಿ.

ಬಿಸಿಲು ನಮಗೆ ಉಪಕಾರ ಮಾಡುವ ಜಾಗವೂ ಒಂದಿದೆ. ಏಪ್ರಿಲ್ ಕೊನೆಯಲ್ಲಿ ಸಸಿ ಮಣ್ಣನ್ನು ಮಾಳಿಗೆ ಮೇಲೆ ನಾಲ್ಕು ಬೆರಳು ದಪ್ಪ ಹರವಿ, ಚೆನ್ನಾಗಿ ನೀರು ಹಾಕಿ, ತೆಳು ಪಾರದರ್ಶಕ ಪ್ಲಾಸ್ಟಿಕ್ ಹೊದಿಸಿ, ಅಂಚಿಗೆಲ್ಲ ಕಲ್ಲು ಹೇರಿ. ನಾಲ್ಕರಿಂದ ಆರು ವಾರ ಹಾಗೇ ಬಿಡಿ. ಸಸಿ ಕೊಳೆಸುವ ಶಿಲೀಂಧ್ರ, ಬೇರುಗಂಟು ಜಂತು, ಕಳೆ ಬೀಜ ಬಹುಪಾಲು ಬೆಂದು ಹೋಗುತ್ತವೆ. ಪ್ಲಾಸ್ಟಿಕ್ ಕಪ್ಪಾಗಿದ್ದರೆ ಪ್ಲಾಸ್ಟಿಕ್ಕೇ ಕಾಯುತ್ತದೆ, ಮಣ್ಣು ಅಷ್ಟು ಕಾಯುವುದಿಲ್ಲ. ಪಾರದರ್ಶಕವೇ ಬೇಕು. ತೆಗೆದ ಮೇಲೆ ಪ್ರತಿ ಕಿಲೋ ಗೊಬ್ಬರಕ್ಕೆ 10 ಗ್ರಾಂ ಟ್ರೈಕೋಡರ್ಮಾ (ರೋಗದ ಶಿಲೀಂಧ್ರವನ್ನು ತಡೆಯುವ ಒಳ್ಳೆಯ ಶಿಲೀಂಧ್ರದ ಪುಡಿ) ಬೆರೆಸಿ, ನೆರಳಲ್ಲಿ ಒಂದು ವಾರ ಒದ್ದೆ ಗೋಣಿ ಮುಚ್ಚಿಡಿ.

ನೀರಿನ ವಿಷಯ

ಶಹಾಬಾದ್ ಕಲ್ಲಿನ ನೆಲ ಸುಣ್ಣದ ನೆಲ. ಅದರಡಿಯ ಬೋರ್ ನೀರೂ ಗಡಸು. ಕುಂಡದ ಅಂಚಿನಲ್ಲಿ ಬಿಳಿ ಪಟ್ಟಿ ಕಟ್ಟುವುದು ಇದರದ್ದೇ ಗುರುತು. ಬೆಳೆದ ಗಿಡ ತಡೆದುಕೊಳ್ಳುತ್ತದೆ, ಮೊಳಕೆ ತಡೆಯುವುದಿಲ್ಲ. ಮೊದಲ ಆರು ವಾರ ಮಳೆ ನೀರು ಕೊಡಿ. ಎ.ಸಿ.ಯಿಂದ ತೊಟ್ಟಿಕ್ಕುವ ನೀರೂ ಆಗುತ್ತದೆ, ಅದರಲ್ಲಿ ಉಪ್ಪಿಲ್ಲ.

ಇಲ್ಲಿ ಮನೆಮನೆಯಲ್ಲೂ ನಡೆಯುವ ಎರಡು ತಪ್ಪುಗಳಿವೆ. ಆರ್‌ಓ ಯಂತ್ರದಿಂದ ಹೊರಬೀಳುವ ನೀರು ಸುಮ್ಮನೆ ಹೋಗುತ್ತದಲ್ಲ ಎಂದು ಗಿಡಕ್ಕೆ ಹಾಕುತ್ತಾರೆ. ಕುಡಿಯುವ ನೀರಿನಿಂದ ತೆಗೆದ ಉಪ್ಪೆಲ್ಲ ಇರುವುದು ಅದರಲ್ಲೇ. ಏರ್ ಕೂಲರ್‌ನ ತಳದಲ್ಲಿ ಉಳಿದ ನೀರೂ ಹಾಗೆಯೇ: ನೀರು ಆವಿಯಾಗಿ ಹೋಯಿತು, ಉಪ್ಪು ತಳದಲ್ಲಿ ಗಟ್ಟಿಯಾಯಿತು. ಎರಡನ್ನೂ ಬಚ್ಚಲು ತೊಳೆಯಲು ಇಟ್ಟುಕೊಳ್ಳಿ.

ಬಿತ್ತುವ ಕ್ರಮ

ಮೊದಲು ಬೀಜ ಜೀವಂತವಿದೆಯೇ ನೋಡಿ. ಇಪ್ಪತ್ತು ಬೀಜ ಒದ್ದೆ ಬಟ್ಟೆಯಲ್ಲಿ ಸುತ್ತಿ, ಡಬ್ಬಿಯಲ್ಲಿಟ್ಟು ಮುಚ್ಚಿ. ಎರಡು ವಾರದಲ್ಲಿ ಹನ್ನೆರಡಾದರೂ ಮೊಳೆತರೆ ಬಿತ್ತಿ, ಐದಾರೇ ಮೊಳೆತರೆ ಒಂದು ಗುಣಿಗೆ ಮೂರು ಬೀಜದಂತೆ ಹಾಕಿ ಅಥವಾ ಬೇರೆ ಬೀಜ ತನ್ನಿ. ಕನಕಾಂಬರಕ್ಕೆ ಈ ಪರೀಕ್ಷೆ ಎರಡು ವಾರಕ್ಕೆ ಮುಗಿಯುವುದಿಲ್ಲ, ತಿಂಗಳು ಕಾಯಬೇಕು.

ತಟ್ಟೆ ಅಥವಾ ಕಪ್ಪಿನ ತಳಕ್ಕೆ ತೂತು ಇರಲೇಬೇಕು. ಮಣ್ಣು ತುಂಬಿ, ಮಟ್ಟ ಮಾಡಿ, ಬೀಜ ಹಾಕುವ ಮೊದಲೇ ತೋಯಿಸಿ. ಬೀಜ ಹಾಕಿ ಮೇಲಿಂದ ನೀರು ಸುರಿದರೆ ಎಲ್ಲವೂ ಒಂದು ಮೂಲೆಗೆ ಹೋಗಿ ಸೇರುತ್ತವೆ. ಆಳಕ್ಕೆ ಹಳೆಯ ನಿಯಮ ಸಾಕು: ಬೀಜ ಎಷ್ಟು ದಪ್ಪವೋ ಅದರ ಎರಡರಷ್ಟು ಮಣ್ಣು ಮೇಲೆ. ನಮ್ಮಲ್ಲಿ ಮೊಳೆಯದ ಬೀಜಗಳಲ್ಲಿ ಬಹಳಷ್ಟು ಆಳಕ್ಕೆ ಹೋಗಿ ಸತ್ತವೇ.

ನಿತ್ಯಪುಷ್ಪಕ್ಕೆ ಮೊಳೆಯಲು ಕತ್ತಲೆ ಬೇಕು. ಅರ್ಧ ಸೆಂ.ಮೀ. ಮಣ್ಣು ಮುಚ್ಚಿ, ಮೇಲೆ ದಪ್ಪ ರಟ್ಟು ಇಡಿ. ಐದನೇ ದಿನದಿಂದ ದಿನಾ ಎತ್ತಿ ನೋಡಿ, ಮೊದಲ ಮೊಳಕೆ ಕಂಡ ದಿನವೇ ರಟ್ಟು ತೆಗೆಯಿರಿ. ಒಂದು ದಿನ ತಡವಾದರೂ ಸಸಿ ದಾರದಂತೆ ಬೆಳ್ಳಗೆ ಉದ್ದವಾಗುತ್ತದೆ. ಗೈಲಾರ್ಡಿಯಾ ಇದಕ್ಕೆ ತದ್ವಿರುದ್ಧ: ಬೆಳಕು ಬೇಕು, ಮಣ್ಣಿನ ಮೇಲೆ ಉದುರಿಸಿ ಬೆರಳಿಂದ ಒತ್ತಿ ಬಿಡಿ, ಮುಚ್ಚಬೇಡಿ.

ಶಂಖಪುಷ್ಪದ ಬೀಜಕ್ಕೆ ಗಟ್ಟಿ ಸಿಪ್ಪೆ. ಹಾಗೇ ಹಾಕಿದರೆ ಕೆಲವು ಈ ವಾರ, ಕೆಲವು ಮುಂದಿನ ತಿಂಗಳು, ಕೆಲವು ಮುಂದಿನ ಮಳೆಗಾಲಕ್ಕೆ ಮೊಳೆಯುತ್ತವೆ. ಉಗುರು ಕತ್ತರಿಯಲ್ಲಿ ಸಿಪ್ಪೆಯನ್ನು ಚೂರೇ ಚೂರು ಚಿವುಟಿ, ಬೀಜ ಕಾಯಿಗೆ ಅಂಟಿದ್ದ ಕಣ್ಣಿನ ಕಡೆ ಬೇಡ, ಎದುರು ಬದಿ. ಅಥವಾ ಮರಳು ಕಾಗದಕ್ಕೆ ಉಜ್ಜಿ ಒಳಗಿನ ಬಿಳುಪು ಕಾಣುವಂತೆ ಮಾಡಿ. ನಂತರ ರಾತ್ರಿಯಿಡೀ ನೆನೆಸಿ. ಬೆಳಿಗ್ಗೆ ಉಬ್ಬಿದವನ್ನು ಬಿತ್ತಿ, ಉಬ್ಬದವನ್ನು ಮತ್ತೆ ಉಜ್ಜಿ. ಒಂದೂವರೆ ಸೆಂ.ಮೀ. ಆಳ ಸಾಕು, ಒಂದೆರಡು ವಾರದಲ್ಲಿ ಏಳುತ್ತದೆ. ತಾಯಿಬೇರು ನೇರ ಇಳಿಯುವ ಗಿಡ ಇದು, ಕಿತ್ತು ನೆಟ್ಟರೆ ಮುನಿಸಿಕೊಳ್ಳುತ್ತದೆ. ಇರಬೇಕಾದ ಜಾಗದಲ್ಲೇ ಹಾಕಿ, ಇಲ್ಲವೇ ಕಾಗದದ ಕಪ್ಪಿನಲ್ಲಿ ಹಾಕಿ ಕಪ್ಪು ಸಮೇತ ನೆಡಿ.

ಸಂಜೆಮಲ್ಲಿಗೆಗೆ ಹೇಳುವಂಥದ್ದೇನೂ ಇಲ್ಲ. ಮೆಣಸಿನ ಕಾಳಿನಂಥ ಬೀಜ, ಎರಡು ಸೆಂ.ಮೀ. ಆಳ, ಮೊದಲ ಮಳೆ. ಬುಡದಲ್ಲಿ ಗೆಡ್ಡೆ ಕಟ್ಟುತ್ತದೆ. ಬೇಸಿಗೆಯಲ್ಲಿ ಮೇಲೆ ಒಣಗಿದರೂ ಕೀಳಬೇಡಿ, ಜೂನ್‌ಗೆ ಮತ್ತೆ ಚಿಗುರುತ್ತದೆ.

ಅಡೆನಿಯಂ ಬೀಜ ಚಿಕ್ಕ ಕಡ್ಡಿಯಂತೆ, ಎರಡೂ ತುದಿಗೆ ರೇಷ್ಮೆ ಕುಚ್ಚು. ಅಡ್ಡಡ್ಡ ಮಲಗಿಸಿ, ಮೇಲೆ ತೆಳ್ಳಗೆ ಮರಳು ಉದುರಿಸಿ. ಇದಕ್ಕೆ ಮಣ್ಣಿನ ಪಾಕದಲ್ಲಿ ಮರಳು ಅರ್ಧದಷ್ಟಿರಲಿ. ತಾಜಾ ಬೀಜ ವಾರದೊಳಗೆ ಮೊಳೆಯುತ್ತದೆ. ಹಳೆಯದಾದರೆ ಅಷ್ಟಾಗಿ ಆಸೆ ಬೇಡ, ಇದರ ಬೀಜಕ್ಕೆ ಆಯುಷ್ಯ ಕಡಿಮೆ.

ಬಿತ್ತಿದ ಮೇಲೆ ನೀರು ಕೆಳಗಿಂದ ಕೊಡಿ. ಅಗಲ ಬುಟ್ಟಿಯಲ್ಲಿ ಎರಡು ಬೆರಳು ನೀರು ಹಾಕಿ ತಟ್ಟೆಯನ್ನು ಕಾಲು ಗಂಟೆ ಇಡಿ, ಮೇಲ್ಮೈ ಬಣ್ಣ ಗಾಢವಾದ ಕೂಡಲೇ ಎತ್ತಿ. ಮೊಳೆಯುವ ದಿನಗಳಲ್ಲಿ ಒಂದು ಮಧ್ಯಾಹ್ನ ಮೇಲ್ಮೈ ಪೂರ್ತಿ ಒಣಗಿದರೂ ಕಥೆ ಮುಗಿಯಿತು, ಒಮ್ಮೆ ಬಾಯಿ ಬಿಟ್ಟ ಬೀಜಕ್ಕೆ ಎರಡನೇ ಅವಕಾಶವಿಲ್ಲ. ಇರುವೆ ಬೀಜ ಹೊತ್ತೊಯ್ಯುತ್ತದೆ. ತಟ್ಟೆಯನ್ನು ಇಟ್ಟಿಗೆ ಮೇಲಿಟ್ಟು, ಇಟ್ಟಿಗೆಯನ್ನು ನೀರಿನ ತಟ್ಟೆಯಲ್ಲಿಡಿ. ಅಳಿಲು, ಗುಬ್ಬಿಗೆ ಹಳೆಯ ಸೊಳ್ಳೆಪರದೆ ಸಾಕು.

ಸಸಿ ನೆಟ್ಟಗೆ ನಿಂತದ್ದು ಬೆಳಿಗ್ಗೆ ನೋಡಿದರೆ ಬುಡದಲ್ಲಿ ನೂಲಿನಂತೆ ಸಣ್ಣಗಾಗಿ ಮಲಗಿದೆಯೇ? ಅದು ಬುಡಕೊಳೆ. ಒತ್ತೊತ್ತಾಗಿ ಬಿತ್ತಿದ್ದು, ಸಂಜೆ ನೀರು ಹಾಕಿದ್ದು, ಗಾಳಿ ಆಡದಿದ್ದು ಇದಕ್ಕೆ ಕಾರಣ. ಮಲಗಿದವನ್ನು ಸುತ್ತಲಿನ ಮಣ್ಣು ಸಮೇತ ತೆಗೆದು ಬಿಸಾಡಿ, ಉಳಿದವಕ್ಕೆ ಲೀಟರ್ ನೀರಿಗೆ 3 ಗ್ರಾಂ ಕಾಪರ್ ಆಕ್ಸಿಕ್ಲೋರೈಡ್ ಬೆರೆಸಿ ಬುಡ ತೋಯಿಸಿ. ಟ್ರೈಕೋಡರ್ಮಾ ಮತ್ತು ಈ ಔಷಧ ಒಂದೇ ಹೊತ್ತಿಗೆ ಹಾಕಬೇಡಿ, ಶಿಲೀಂಧ್ರ ಕೊಲ್ಲುವ ಔಷಧ ಒಳ್ಳೆಯ ಶಿಲೀಂಧ್ರವನ್ನೂ ಕೊಲ್ಲುತ್ತದೆ.

ಕನಕಾಂಬರಕ್ಕೆ ಬೇರೆಯೇ ಮಾತು

ಎಲ್ಲರಿಗೂ ಬೇಕಾದ ಹೂ, ಎಲ್ಲರೂ ಸೋಲುವ ಬೀಜ. ಮೊದಲ ಸೋಲು ಜಾತಿಯದ್ದು. ಸಂತೆಯಲ್ಲಿ ಮಾಲೆಗೆ ಬರುವ ದೊಡ್ಡ ಎಸಳಿನ ಕೇಸರಿ ಬಣ್ಣದ ಡೆಲ್ಲಿ ಕನಕಾಂಬರ ತ್ರಿಗುಣಿತ ಗಿಡ, ಅಂದರೆ ವರ್ಣತಂತುಗಳು ಎರಡರ ಬದಲು ಮೂರು ಜೊತೆ ಇರುವ ಗಿಡ, ಅದು ಬೀಜ ಕಟ್ಟುವುದಿಲ್ಲ. ಅದನ್ನು ಕಡ್ಡಿಯಿಂದಲೇ ಮಾಡಬೇಕು. ಅದರ ಬೀಜ ಎಂದು ಯಾರಾದರೂ ಮಾರಿದರೆ ಕೊಳ್ಳಬೇಡಿ. ಬೀಜದಿಂದ ಬರುವುದು ಸಾದಾ ಕಿತ್ತಳೆ, ಹಳದಿ ಮತ್ತು ಕೆಂಪು ಬಗೆಗಳು.

ಎರಡನೆಯದು ಬೀಜ ಹಿಡಿಯುವುದು. ಒಣಗಿದ ಕಾಯಿಗೆ ನೀರು ತಾಗಿದರೆ ಪಟ್ ಎಂದು ಸಿಡಿದು ಬೀಜ ದೂರ ಹಾರುತ್ತದೆ. ಮಳೆ ಹನಿಯೋ ಮಂಜೋ ಸಾಕು. ಹೂ ಮುಗಿದ ತೆನೆ ಕಂದು ಬಣ್ಣಕ್ಕೆ ತಿರುಗಿದಾಗ ಒಣ ದಿನದ ಮಧ್ಯಾಹ್ನ ಕತ್ತರಿಸಿ ತನ್ನಿ. ಮುಚ್ಚಳವಿರುವ ಸ್ಟೀಲ್ ಡಬ್ಬಿಗೆ ಹಾಕಿ, ನಾಲ್ಕು ಹನಿ ನೀರು ಚಿಮುಕಿಸಿ, ಮುಚ್ಚಿ. ಒಳಗೆ ಜೋಳ ಹುರಿದಂತೆ ಸದ್ದು ಕೇಳುತ್ತದೆ. ಒಂದು ಕಾಯಿಗೆ ನಾಲ್ಕರವರೆಗೆ ಬೀಜ. ತಡಮಾಡದೆ ನೆರಳಲ್ಲಿ ಆರಿಸಿ, ಒದ್ದೆಯಾದರೆ ಬೀಜದ ಮೇಲೆ ಲೋಳೆ ಕಟ್ಟಿ ಒಂದಕ್ಕೊಂದು ಅಂಟುತ್ತವೆ. ಎರಡು ವರ್ಷದ ಹಳೆ ಬೀಜಕ್ಕಿಂತ ಆ ಹಂಗಾಮಿನ ಬೀಜವೇ ಬೇಕು.

ಮೂರನೆಯದು ತಾಳ್ಮೆ. ಮೂರರಿಂದ ನಾಲ್ಕು ವಾರ, ಅದೂ ಒಟ್ಟಿಗೆ ಅಲ್ಲ, ಇಂದು ಒಂದು, ನಾಡಿದ್ದು ಎರಡು. ಹದಿನೈದನೇ ದಿನಕ್ಕೆ ತಟ್ಟೆ ಕವುಚಿ ಮಣ್ಣು ಬೇರೆಯದಕ್ಕೆ ಬಳಸುವವರೇ ಹೆಚ್ಚು. ಬೀಜದ ಮೇಲೆ ಮೂರು ಮಿ.ಮೀ. ಮಣ್ಣು, ಅದರ ಮೇಲೆ ಒದ್ದೆ ಗೋಣಿ, ಮೊಳಕೆ ಕಂಡಾಗ ಗೋಣಿ ತೆಗೆದು ಅರೆ ನೆರಳು.

ನಾಲ್ಕನೆಯದು ಹಳದಿ ರೋಗ, ಈ ಭಾಗದ್ದೇ ಕಾಟ. ಚಿಗುರೆಲೆ ಹಳದಿ, ನರ ಮಾತ್ರ ಹಸಿರು. ಗೊಬ್ಬರ ಕಡಿಮೆಯಾಯಿತೆಂದು ಯೂರಿಯಾ ಹಾಕುತ್ತಾರೆ, ಅದರಿಂದ ಏನೂ ಆಗದು. ಮಣ್ಣಿನಲ್ಲಿ ಕಬ್ಬಿಣ ಇದೆ, ಸುಣ್ಣದ ಅಂಶ ಅದನ್ನು ಬೇರಿಗೆ ಸಿಗದಂತೆ ಹಿಡಿದಿಟ್ಟಿದೆ. ಲೀಟರ್ ಮಳೆ ನೀರಿಗೆ 5 ಗ್ರಾಂ ಫೆರಸ್ ಸಲ್ಫೇಟ್, 1 ಗ್ರಾಂ ನಿಂಬೆ ಉಪ್ಪು ಕರಗಿಸಿ, ಸಂಜೆ ಎಲೆಯ ಎರಡೂ ಬದಿಗೆ ಸಿಂಪಡಿಸಿ. ಹತ್ತು ದಿನಕ್ಕೊಮ್ಮೆ ಮೂರು ಸಲ. ಎಳೆ ಸಸಿಗಾದರೆ ಅರ್ಧ ಪ್ರಮಾಣ. ದ್ರಾವಣ ತಿಳಿ ಹಸಿರಾಗಿರಬೇಕು, ತುಕ್ಕು ಬಣ್ಣ ಬಂದರೆ ಚೆಲ್ಲಿ. ಮಣ್ಣಿಗೇ ಕೊಡುವುದಾದರೆ ಕಬ್ಬಿಣದ ಇಡಿಡಿಎಚ್‌ಎ ಚೀಲೇಟ್ ಕೇಳಿ, ಇಡಿಟಿಎ ಬಗೆಯದು ಸುಣ್ಣದ ಮಣ್ಣಿನಲ್ಲಿ ನಿಲ್ಲುವುದಿಲ್ಲ.

ಹಳದಿಯ ಜೊತೆಗೆ ಗಿಡ ಕುಂಠಿತವಾಗಿ ಮಧ್ಯಾಹ್ನ ಬಾಡುತ್ತಿದ್ದರೆ ಒಂದನ್ನು ಕಿತ್ತು ಬೇರು ನೋಡಿ. ಗಂಟುಗಂಟು ಇದ್ದರೆ ಅದು ಜಂತು. ಸುರಪುರ, ಶಹಾಪುರ ಕಡೆಯ ಮರಳು ಮಿಶ್ರ ಕೆಂಪು ಮಣ್ಣಿನಲ್ಲಿ ಇದರ ಮೇಲೆ ಕಣ್ಣಿಡಬೇಕು. ನೆಡುವ ಮೊದಲೇ ಚದರ ಮೀಟರಿಗೆ 100 ಗ್ರಾಂ ಬೇವಿನ ಹಿಂಡಿ ಬೆರೆಸಿ, ಹಿಂದಿನ ಫಸಲಾಗಿ ಚೆಂಡುಹೂ ಹಾಕಿದ್ದರೆ ಇನ್ನೂ ಒಳ್ಳೆಯದು. ಬದನೆ, ಟೊಮ್ಯಾಟೊ ಇದ್ದ ಮಡಿಯಲ್ಲಿ ಕನಕಾಂಬರ ಬೇಡ.

ನೆಲಕ್ಕೆ ಇಳಿಸುವುದು

ನಿತ್ಯಪುಷ್ಪ ಮೂರು ಜೋಡಿ ಎಲೆಗೆ, ಕನಕಾಂಬರ ಐದಾರು ಎಲೆಗೆ ನೆಡಲು ಸಿದ್ಧ. ಒಂದು ವಾರ ಮೊದಲಿಂದ ಬೆಳಗಿನ ಬಿಸಿಲು ದಿನಾ ಒಂದೊಂದು ತಾಸು ಹೆಚ್ಚಿಸಿ ಗಟ್ಟಿ ಮಾಡಿ. ನೆಡುವುದು ಸಂಜೆ.

ಎರೆ ನೆಲದಲ್ಲಿ ಗುಂಡಿ ತೋಡಿ ಒಳ್ಳೆಯ ಮಣ್ಣು ತುಂಬುವ ಪದ್ಧತಿ ಇದೆ. ಮಳೆಗಾಲದಲ್ಲಿ ಆ ಗುಂಡಿ ಬಾವಿಯಾಗುತ್ತದೆ: ಸುತ್ತಲಿನ ಅಂಟು ಮಣ್ಣು ನೀರು ಬಿಡುವುದಿಲ್ಲ, ಬೇರು ಅದರಲ್ಲೇ ಮುಳುಗುತ್ತದೆ. ತೋಡುವ ಬದಲು ಏರಿಸಿ. ಒಂದು ಮೊಳ ಅಗಲದ ಮಡಿ, 20ರಿಂದ 25 ಸೆಂ.ಮೀ. ಎತ್ತರ, ಎರೆ ಮಣ್ಣಿಗೆ ಸಮಪಾಲು ಮಸಾರಿ ಮತ್ತು ಗೊಬ್ಬರ. ಒಂದೆರಡು ಬುಟ್ಟಿ ಮರಳು ಬೆರೆಸಿದರೆ ಎರೆ ಸಡಿಲವಾಗುತ್ತದೆಂಬ ನಂಬಿಕೆ ಸುಳ್ಳು, ಅಷ್ಟರಿಂದ ಇಟ್ಟಿಗೆಯಾಗುತ್ತದೆ ಅಷ್ಟೆ. ಒಲೆ ಬೂದಿ, ಮೊಟ್ಟೆ ಚಿಪ್ಪು ಹಾಕಬೇಡಿ. ಸುಣ್ಣ ಈಗಾಗಲೇ ಅತಿಯಾಗಿದೆ. ಜಿಪ್ಸಂ ಬೇಕೋ ಬೇಡವೋ ಎಂಬುದು ಮಣ್ಣು ಪರೀಕ್ಷೆ ನೋಡಿಯೇ ತೀರ್ಮಾನವಾಗಬೇಕು, ಕೃಷಿ ವಿಜ್ಞಾನ ಕೇಂದ್ರಗಳಲ್ಲಿ ಕೇಳಿ. ಕಾಲುವೆ ನೀರಿನ ಹೊಲದ ಮಗ್ಗುಲಿನ ಹಿತ್ತಲಾದರೆ ಈ ಪರೀಕ್ಷೆ ತಪ್ಪಿಸಬೇಡಿ.

ಬೀದರ್‌ನ ಜಂಬಿಟ್ಟಿಗೆ ನೆಲದ ಸಮಸ್ಯೆ ತಿರುವುಮುರುವು. ನೀರು ನಿಲ್ಲುವುದೇ ಇಲ್ಲ, ಸತ್ವವೂ ಕಡಿಮೆ. ಅಲ್ಲಿ ಮಡಿ ಏರಿಸಬೇಡಿ, ನೆಲದ ಮಟ್ಟದಲ್ಲೇ ನೆಟ್ಟು ಗೊಬ್ಬರ ಹೆಚ್ಚು ಕೊಡಿ, ನೀರು ಸ್ವಲ್ಪ ಸ್ವಲ್ಪವೇ ಪದೇಪದೇ ಹಾಕಿ. ಗೆದ್ದಲು ಇದ್ದರೆ ಬೇವಿನ ಹಿಂಡಿ. ಕನಕಾಂಬರಕ್ಕೆ ಮೂರು ಜಿಲ್ಲೆಗಳಲ್ಲಿ ಒಗ್ಗುವ ಮಣ್ಣು ಇದೇ.

ಗಿಡದಿಂದ ಗಿಡಕ್ಕೆ ನಿತ್ಯಪುಷ್ಪ, ಗೈಲಾರ್ಡಿಯಾ 30 ಸೆಂ.ಮೀ., ಕನಕಾಂಬರ 40, ಸಂಜೆಮಲ್ಲಿಗೆ 45, ಶಂಖಪುಷ್ಪ 60. ಶಂಖಪುಷ್ಪ ಹಬ್ಬಲು ತೊಗರಿ ಕಟ್ಟಿಗೆ ಒಂದಕ್ಕೊಂದು ಹೆಣೆದು ನಿಲ್ಲಿಸಿ, ಕಬ್ಬಿಣದ ಸರಳು ಬೇಸಿಗೆಯಲ್ಲಿ ಕಾದು ಬಳ್ಳಿಯನ್ನು ಸುಡುತ್ತದೆ.

ಹೂ ಬಿಡಿಸುವುದು

ಗಿಡ ಹಸಿರಾಗಿ ದೊಡ್ಡದಾಗಿದೆ, ಹೂ ಇಲ್ಲ ಎಂದರೆ ಮೊದಲು ಬಿಸಿಲು ಎಣಿಸಿ. ದಿನಕ್ಕೆ ಆರು ತಾಸು ನೇರ ಬಿಸಿಲಿಲ್ಲದೆ ನಿತ್ಯಪುಷ್ಪ, ಅಡೆನಿಯಂ, ಗೈಲಾರ್ಡಿಯಾ ಹೂ ಬಿಡುವುದಿಲ್ಲ. ಕನಕಾಂಬರಕ್ಕೆ ಬೆಳಗಿನ ನಾಲ್ಕು ತಾಸು ಸಾಕು, ಮನೆಯ ಪೂರ್ವದ ಗೋಡೆ ಅದರ ಜಾಗ.

ಎರಡನೆಯ ಕಾರಣ ಸಾರಜನಕ. ಯೂರಿಯಾ, ಹಸಿ ಸಗಣಿ ನೀರು ಎಲೆ ಬೆಳೆಸುತ್ತವೆ. ಗಿಡ ಕುಡಿಯೊಡೆಯುವ ತನಕ ಹದಿನೈದು ದಿನಕ್ಕೊಮ್ಮೆ ಲೀಟರಿಗೆ 2 ಗ್ರಾಂ 19:19:19 (ಸಾರಜನಕ, ರಂಜಕ, ಪೊಟ್ಯಾಷ್ ಸಮಪಾಲು ಇರುವ ಗೊಬ್ಬರ), ಮೊಗ್ಗು ಕಂಡ ಮೇಲೆ ಅದೇ ಪ್ರಮಾಣದಲ್ಲಿ 0:0:50 (ಮೂರರಲ್ಲಿ ಪೊಟ್ಯಾಷ್ ಮಾತ್ರ ಇರುವುದು). ಶಂಖಪುಷ್ಪ ದ್ವಿದಳ ಜಾತಿ, ಬೇರಿನ ಗಂಟಿನಲ್ಲಿ ತಾನೇ ಸಾರಜನಕ ಮಾಡಿಕೊಳ್ಳುತ್ತದೆ. ಅದಕ್ಕೆ 19:19:19 ಬೇಡವೇ ಬೇಡ. ರಂಜಕ ಸುಣ್ಣದ ಮಣ್ಣಿನಲ್ಲಿ ಕಟ್ಟಿಹೋಗುವುದರಿಂದ ಸೂಪರ್ ಫಾಸ್ಫೇಟನ್ನು ಒಂಟಿಯಾಗಿ ಎರಚದೆ ಗೊಬ್ಬರದಲ್ಲಿ ಕಲಸಿ ಬುಡಕ್ಕೆ ಕೊಡಿ.

ಮೂರನೆಯದು ಕತ್ತರಿ, ಇದೇ ಮುಖ್ಯ. ಹೂವಿನ ಗಿಡಕ್ಕೆ ಬೀಜ ಕಟ್ಟಿದರೆ ವರ್ಷದ ಕೆಲಸ ಮುಗಿಯಿತು. ಅದನ್ನು ಮುಗಿಯಗೊಡಬಾರದು. ಸಸಿ ಒಂದು ಗೇಣು ಆದಾಗ ನೆತ್ತಿ ಚಿವುಟಿ, ನಾಲ್ಕು ಕವಲು ಬರುತ್ತವೆ. ಗಿಡ್ಡ ಹೈಬ್ರಿಡ್ ನಿತ್ಯಪುಷ್ಪಕ್ಕೆ ಇದು ಬೇಕಿಲ್ಲ. ಕನಕಾಂಬರದ ತೆನೆ ಕೆಳಗಿಂದ ಮೇಲಕ್ಕೆ ಅರಳುತ್ತದೆ, ಅರಳಿದ್ದನ್ನು ದಿನ ಬಿಟ್ಟು ದಿನ ಬಿಡಿಸಿ, ತುದಿಯ ಕೊನೆ ಹೂ ಮುಗಿದ ದಿನ ತೆನೆಯನ್ನು ಕೆಳಗಿನ ಎಲೆಜೋಡಿಯ ಮೇಲ್ಗಡೆ ಕತ್ತರಿಸಿ. ಒಣ ತೆನೆ ಹಾಗೇ ನಿಂತ ಗಿಡ ಹೊಸ ತೆನೆ ಕೊಡಲು ಹಿಂಜರಿಯುತ್ತದೆ. ಶಂಖಪುಷ್ಪದ ಹಸಿ ಕಾಯಿಗಳನ್ನು ವಾರಕ್ಕೊಮ್ಮೆ ಕೀಳಿ. ನಿತ್ಯಪುಷ್ಪದ ಹೂ ತಾನೇ ಉದುರುತ್ತದೆ, ಕೆಲಸವಿಲ್ಲ.

ವರ್ಷದ ದೊಡ್ಡ ಕತ್ತರಿ ಜೂನ್‌ನಲ್ಲಿ, ಮೊದಲೆರಡು ಒಳ್ಳೆಯ ಮಳೆ ಆದ ಮೇಲೆ. ಮೂರನೇ ಒಂದು ಭಾಗ ಕತ್ತರಿಸಿ, ಗಿಡಕ್ಕೆ ಎರಡು ಬೊಗಸೆ ಗೊಬ್ಬರ ಕೊಡಿ. ಏಪ್ರಿಲ್, ಮೇ ತಿಂಗಳಲ್ಲಿ ಗಿಡ ಎಷ್ಟು ಕುರೂಪವಾಗಿದ್ದರೂ ಮುಟ್ಟಬೇಡಿ, ಆ ಒಣಗಿದಂತೆ ಕಾಣುವ ಎಲೆಗಳೇ ಕಾಂಡಕ್ಕೆ ನೆರಳು. ಅಡೆನಿಯಂ ಮಾತ್ರ ಫೆಬ್ರವರಿ ಕೊನೆಗೆ ಕತ್ತರಿಸಬೇಕು. ಚಳಿಗಾಲದಲ್ಲಿ ಅದಕ್ಕೆ ನೀರು ಬಹುತೇಕ ನಿಲ್ಲಿಸಿ, ಎಲೆ ಉದುರಲಿ, ಕತ್ತರಿಸಿದ ಮೇಲೆ ನೀರು ಕೊಡಿ. ಎಲ್ಲವೂ ಬಾಡುವ ಬೇಸಿಗೆಯಲ್ಲಿ ಅದು ಹೂ ಬಿಡುತ್ತದೆ. ಬೀಜದ ಅಡೆನಿಯಂ ಮೊದಲ ಹೂವಿಗೆ ಒಂದು ವರ್ಷದಿಂದ ಒಂದೂವರೆ ವರ್ಷ ತೆಗೆದುಕೊಳ್ಳುತ್ತದೆ, ಬಣ್ಣವೂ ತಾಯಿಯದ್ದೇ ಎಂದು ಹೇಳಲಾಗದು.

ಕಂದಿನಿಂದ ನೆಟ್ಟ ಸೇವಂತಿಗೆ ಚಳಿಗಾಲ ಬಂದರೂ ಮೊಗ್ಗಾಗದಿದ್ದರೆ ಬೀದಿ ದೀಪ ನೋಡಿ. ರಾತ್ರಿ ಉದ್ದವಾದರೇ ಅದು ಹೂವಿಗೆ ತಿರುಗುವುದು. ಕಂಬದ ಕೆಳಗಿನ ಗಿಡಕ್ಕೆ ರಾತ್ರಿಯೇ ಆಗುವುದಿಲ್ಲ.

ಬೇಸಿಗೆ ದಾಟಿಸುವುದು

ಮಾರ್ಚ್ ಮೊದಲ ವಾರಕ್ಕೆ 50 ಪ್ರತಿಶತದ ಹಸಿರು ಶೇಡ್‌ನೆಟ್ ಕಟ್ಟಿ, ಗಿಡಕ್ಕಿಂತ ಮೂರು ಅಡಿ ಎತ್ತರದಲ್ಲಿ, ಪಡುವಣ ಬದಿ ಇಳಿಬಿಟ್ಟು. ಮಧ್ಯಾಹ್ನ ಮೂರರ ಬಿಸಿಲು ಕೊಲ್ಲುವುದು ಆ ಕಡೆಯಿಂದ. ಕುಂಡಗಳನ್ನು ಮಾಳಿಗೆಯ ಕಲ್ಲಿನ ಮೇಲೆ ನೇರ ಇಡಬೇಡಿ, ಎರಡು ಇಟ್ಟಿಗೆ ಕೊಟ್ಟು ಎತ್ತಿ. ಪ್ಲಾಸ್ಟಿಕ್ ಕುಂಡದ ಗೋಡೆ ಬಿಸಿಯಾಗಿ ಅಂಚಿನ ಬೇರು ಬೇಯುತ್ತದೆ, ಅದನ್ನು ಇನ್ನೊಂದು ದೊಡ್ಡ ಕುಂಡದೊಳಗಿಟ್ಟು ನಡುವೆ ಹೊಟ್ಟು ತುಂಬಿ, ಇಲ್ಲವೇ ಮಣ್ಣಿನ ಕುಂಡ ಬಳಸಿ.

ಬುಡಕ್ಕೆ ಜೋಳದ ರವದಿ ಅಥವಾ ತೊಗರಿ ಹೊಟ್ಟು ಮೂರು ಬೆರಳು ದಪ್ಪ, ಕಾಂಡಕ್ಕೆ ತಾಗದಂತೆ. ಎರೆ ನೆಲಕ್ಕೆ ಇದಿಲ್ಲದಿದ್ದರೆ ಬಿರುಕು ಬಿಟ್ಟು ಬೇರು ಹರಿಯುತ್ತದೆ. ನೀರು ಬೆಳಿಗ್ಗೆ ಏಳರೊಳಗೆ, ನಿಧಾನ, ಆಳಕ್ಕೆ. ದಿನಾ ಚಿಮುಕಿಸುವುದಕ್ಕಿಂತ ಎರಡು ದಿನಕ್ಕೊಮ್ಮೆ ತಣಿಯುವಷ್ಟು ಹಾಕುವುದು ಮೇಲು. ನಿತ್ಯಪುಷ್ಪ ಮಧ್ಯಾಹ್ನ ಎಲೆ ಸುರುಳಿ ಮಾಡಿ ಸಂಜೆ ಬಿಡಿಸಿದರೆ ಗಾಬರಿ ಬೇಡ, ಸಂಜೆಯೂ ಬಿಡಿಸದಿದ್ದರೆ ನೀರು ಬೇಕು ಅಥವಾ ಬೇರು ಕೊಳೆತಿದೆ. ಮಣ್ಣಿಗೆ ಬೆರಳು ಚುಚ್ಚಿದರೆ ಯಾವುದೆಂದು ತಿಳಿಯುತ್ತದೆ.

ಏಪ್ರಿಲ್‌ನಲ್ಲಿ ಎಲೆ ಮೇಲೆ ಬೂದು ಚುಕ್ಕೆ, ಅಡಿಯಲ್ಲಿ ಸಣ್ಣ ಬಲೆ ಕಂಡರೆ ಕೆಂಪು ನುಸಿ. ಎಲೆಯ ಅಡಿಗೆ ಜೋರಾಗಿ ನೀರು ಹಾಯಿಸುವುದೇ ಅರ್ಧ ಮದ್ದು. ಗಂಧಕದ ಪುಡಿಯನ್ನು 35 ಡಿಗ್ರಿ ದಾಟಿದ ದಿನಗಳಲ್ಲಿ ಸಿಂಪಡಿಸಬೇಡಿ, ಎಲೆ ಸುಡುತ್ತದೆ. ಬೇವಿನೆಣ್ಣೆ ಲೀಟರಿಗೆ 3 ಮಿ.ಲೀ., ಎರಡು ಹನಿ ಸೋಪು, ಹೊತ್ತು ಮುಳುಗಿದ ಮೇಲೆ. ಹಿಟ್ಟು ತಿಗಣೆಗೂ ಅದೇ, ಮೊದಲು ಹಳೆಯ ಬ್ರಷ್‌ನಿಂದ ಉಜ್ಜಿ.

ಮನೆಯಲ್ಲಿ ಮಕ್ಕಳು, ಆಡು ಇದ್ದರೆ ನೆನಪಿರಲಿ: ನಿತ್ಯಪುಷ್ಪ, ಅಡೆನಿಯಂ ಇಡೀ ಗಿಡವೇ ವಿಷ, ಸಂಜೆಮಲ್ಲಿಗೆಯ ಬೀಜ ಮತ್ತು ಗೆಡ್ಡೆ ವಿಷ. ಅಡೆನಿಯಂ ಕತ್ತರಿಸಿದ ಮೇಲೆ ಕೈ ತೊಳೆಯದೆ ಕಣ್ಣು ಮುಟ್ಟಬೇಡಿ.

ಮುಂದಿನ ಹಂಗಾಮಿನ ಬೀಜ

ಗಟ್ಟಿ ಗಿಡ, ಅಂದರೆ ಒಂದು ಮೇ ದಾಟಿ ಬಂದ ಗಿಡದ ಬೀಜವನ್ನೇ ಇಡಿ. ಎಫ್1 ಹೈಬ್ರಿಡ್ (ಎರಡು ಬೇರೆ ತಳಿಗಳ ಮೊದಲ ಪೀಳಿಗೆಯ ಅಡ್ಡತಳಿ) ಗಿಡದ ಬೀಜ ಇಟ್ಟರೆ ಮುಂದಿನ ಪೀಳಿಗೆ ಬೆರಕೆ ಬರುತ್ತದೆ. ನಿತ್ಯಪುಷ್ಪದ ಜೋಡಿ ಕೋಡುಗಳು ಹಳದಿಗೆ ತಿರುಗಿದ ಕೂಡಲೇ ಬಿಡಿಸಿ, ಒಂದು ದಿನ ತಡವಾದರೆ ಸೀಳಿ ಬೀಜ ನೆಲಕ್ಕೆ. ಅಡೆನಿಯಂನ ಕೊಂಬಿನಂಥ ಕಾಯಿಗೆ ಬಲಿಯುವ ಮೊದಲೇ ದಾರ ಸುತ್ತಿ ಬಿಗಿಯಿರಿ, ಇಲ್ಲದಿದ್ದರೆ ಬಾಯಿ ಬಿಟ್ಟ ದಿನ ಕುಚ್ಚು ಸಮೇತ ಗಾಳಿಗೆ ಹಾರಿಹೋಗುತ್ತದೆ. ಅದನ್ನು ಕೂಡಿಡದೆ ಬೆಚ್ಚಗಿನ ದಿನ ಸಿಕ್ಕ ಕೂಡಲೇ ಬಿತ್ತಿ. ಶಂಖಪುಷ್ಪದ ಕಾಯಿ ಕಂದಾಗಿ ಅಲುಗಾಡಿಸಿದರೆ ಗಲಗಲ ಎನ್ನಬೇಕು.

ನೆರಳಲ್ಲಿ ಒಂದು ವಾರ ಆರಿಸಿದ ಬೀಜವನ್ನು ಕಾಗದದ ಪೊಟ್ಟಣದಲ್ಲಿ ಕಟ್ಟಿ, ಹೆಸರು, ಬಣ್ಣ, ತಿಂಗಳು ಬರೆಯಿರಿ. ಪೊಟ್ಟಣಗಳನ್ನು ಬಿಗಿ ಮುಚ್ಚಳದ ಡಬ್ಬಿಗೆ ಹಾಕಿ, ಜೊತೆಗೆ ಬೆಚ್ಚಗೆ ಹುರಿದು ಆರಿಸಿದ ಒಂದು ಹಿಡಿ ಅಕ್ಕಿಯನ್ನು ಬಟ್ಟೆಯಲ್ಲಿ ಕಟ್ಟಿಡಿ, ತೇವ ಹೀರುತ್ತದೆ. ಡಬ್ಬಿಯನ್ನು ಅಡುಗೆಮನೆಯ ಮೇಲಟ್ಟಕ್ಕೆ ಏರಿಸಬೇಡಿ. ಮನೆಯಲ್ಲಿ ಅತಿ ಹೆಚ್ಚು ಕಾಯುವ ಜಾಗ ಅದು. ಕುಡಿಯುವ ನೀರಿನ ಮಣ್ಣಿನ ಹರವಿ ಇರುವ ಕೋಣೆಯ ನೆಲದ ಮಟ್ಟದಲ್ಲಿ, ಗೋಡೆಗೆ ತಾಗದಂತೆ ಇಡಿ.